ಒಂದು ಕ್ಲಿಕ್ಕಿಗೆ ಒಂದು ಡಾಲರ್ ಅರವತ್ತು

ಬೆಳಗ್ಗೆ ಎಂಟು ಗಂಟೆಗೆ ಜಾಹೀರಾತಿನ ಖಾತೆಯಲ್ಲಿ ಐವತ್ತು ಡಾಲರ್ ಇರುತ್ತಿತ್ತು. ಒಂಬತ್ತೂವರೆ ಹೊತ್ತಿಗೆ ಏನೂ ಇರುತ್ತಿರಲಿಲ್ಲ.

ವ್ಯಾನ್ ನೈಸ್‌ನ ಆ ತಗಡಿನ ಬಾಗಿಲಿನ ಮಳಿಗೆಗೆ ಬಂದವಳೇ ಶುಶಾನ್ ಕೋಟು ಕೂಡ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ನಲವತ್ತೆಂಟು ಡಾಲರ್ ನಲವತ್ತು ಸೆಂಟ್. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಲವತ್ತಾರು ಎಂಬತ್ತು. ಯಾರೋ ಒಬ್ಬರು ಎಲ್ಲಿಯೋ ಕೂತು ಅವಳ ಜಾಹೀರಾತಿನ ಮೇಲೆ ಬೆರಳು ಒತ್ತಿದ್ದಾರೆ, ಅವಳ ಅಂಗಡಿಯ ಪುಟ ತೆರೆದಿದೆ, ಅಷ್ಟಕ್ಕೇ ಒಂದು ಡಾಲರ್ ಅರವತ್ತು ಹೋಯಿತು. ಕೊಂಡರೂ ಅಷ್ಟೇ, ಕೊಳ್ಳದಿದ್ದರೂ ಅಷ್ಟೇ. ಮೊದಲಾದರೆ ಹಾಗೆ ಬಂದವರಲ್ಲಿ ನಲವತ್ತಕ್ಕೆ ಒಬ್ಬರು ಏನಾದರೂ ಕೊಳ್ಳುತ್ತಿದ್ದರು. ಈಗ ಬರುವವರು ಬಾಗಿಲಲ್ಲಿ ತಲೆ ಹಾಕಿ ಓಡಿಹೋಗುವವರ ಹಾಗೆ ನಾಲ್ಕು ಸೆಕೆಂಡಿಗೇ ಮಾಯ. ಐವತ್ತು ಡಾಲರ್ ಮುಗಿದ ಕೂಡಲೇ ಜಾಹೀರಾತೂ ಕಣ್ಮರೆ. ಮಧ್ಯಾಹ್ನ ಮನೆ ಕೆಲಸವೆಲ್ಲ ಮುಗಿಸಿ, ಗಂಡ ಮಕ್ಕಳು ಇಲ್ಲದ ಹೊತ್ತು ನೋಡಿ ನಾಚುತ್ತ ಹುಡುಕುವ ಹೆಂಗಸರ ಕಣ್ಣಿಗೆ ಅವಳ ಅಂಗಡಿ ಬೀಳುತ್ತಲೇ ಇರಲಿಲ್ಲ.

"ಕೋಟು ಬಿಚ್ಚೇ ಮಾರಾಯ್ತಿ. ನೀನು ದಿಟ್ಟಿಸಿ ನೋಡಿದ್ರೆ ದುಡ್ಡು ನಿಲ್ಲುತ್ತಾ?" ಅಂದಳು ಒಫೀಲಿಯಾ. ಅವಳು ಡಬ್ಬಗಳಿಗೆ ವಿಳಾಸ ಅಂಟಿಸುವ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಅಂಟಿಸಲು ಡಬ್ಬವೇ ಇರಲಿಲ್ಲ.

"ಒಂಬತ್ತು ವಾರ ಆಯ್ತು ಒಫೀಲಿಯಾ."

"ಗೊತ್ತು. ನಾನೂ ಇಲ್ಲೇ ಇದ್ದೀನಲ್ಲ."

ಇಬ್ಬರೂ ಚಾಟ್ಸ್‌ವರ್ತ್‌ನ ಒಂದು ದೊಡ್ಡ ಗೋಡೌನಿನಲ್ಲಿ ಹದಿನಾಲ್ಕು ವರ್ಷ ಅಕ್ಕಪಕ್ಕ ನಿಂತು ಡಬ್ಬ ಕಟ್ಟಿದವರು. ವಯಸ್ಕರ ಸಾಮಾನಿನ ಗೋಡೌನು ಅದು. ನಾಲ್ಕು ಜನರ ಮುಂದೆ ಹೆಸರು ಹೇಳಲಾಗದ ವಸ್ತುಗಳೆಲ್ಲ ಅಲ್ಲಿಂದ ದೇಶದ ಮೂಲೆ ಮೂಲೆಗೆ ಹೋಗುತ್ತಿದ್ದವು. ಶುಶಾನ್ ಮನೆಯಲ್ಲಿ ಅದನ್ನು ಸೌಂದರ್ಯ ಸಾಮಾನಿನ ಗೋಡೌನ್ ಅಂದಿದ್ದಳು. ಗ್ಲೆಂಡೇಲ್‌ನ ಅರ್ಮೇನಿಯನ್ ಕೇರಿಯಲ್ಲಿ, ಇಗರ್ಜಿಯ ಮೇಣದ ಬತ್ತಿ ಮಾರುವ ಸರದಿಯಲ್ಲಿ ತನ್ನ ಹೆಸರೂ ಇರುವಾಗ, ಬೇರೆ ಇನ್ನೇನು ಹೇಳಲಾಗುತ್ತದೆ?

ನಲವತ್ತಾರನೇ ವಯಸ್ಸಿಗೆ ಅವಳಿಗೆ ಗರ್ಭಕೋಶದ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ಜೀವ ಉಳಿಯಿತು. ಆದರೆ ಆಮೇಲೆ ಗಂಡನ ಪಕ್ಕ ಮಲಗುವುದೆಂದರೆ ಕೆಂಡದ ಮೇಲೆ ಮಲಗಿದಂತೆ. ಡಾಕ್ಟರ ಹತ್ತಿರ ಬಾಯಿ ಬಿಟ್ಟರೆ, "ಬದುಕಿದ್ದೀರಲ್ಲ, ಅದೇ ದೊಡ್ಡದು" ಅಂದರು. ಹದಿನಾಲ್ಕು ವರ್ಷ ಕಣ್ಣು ತಪ್ಪಿಸಿ ಕಟ್ಟುತ್ತಿದ್ದ ಡಬ್ಬಗಳೊಳಗೇ ತನಗೆ ಬೇಕಾದದ್ದು ಇದೆ ಅಂತ ಒಂದು ದಿನ ಒಫೀಲಿಯಾ ತೋರಿಸಿಕೊಟ್ಟಳು. ಒಂದು ಬಗೆಯ ಜೆಲ್, ಚಿಕ್ಕದರಿಂದ ದೊಡ್ಡದರವರೆಗೆ ಐದು ಅಳತೆಯ ನುಣುಪಾದ ಕೊಳವೆಗಳು, ಹೇಗೆ ಬಳಸಬೇಕೆಂಬ ನಾಲ್ಕು ಸಾಲಿನ ಚೀಟಿ. ಐದು ತಿಂಗಳಲ್ಲಿ ನೋವು ಹೋಯಿತು. ಗಂಡ ಆರ್ಷಕ್‌ಗೆ, ಡಾಕ್ಟರೇ ಕೊಟ್ಟದ್ದು ಅಂದಳು.

ಆಗ ಅವಳಿಗೆ ಅನ್ನಿಸಿದ್ದು ಇಷ್ಟೇ: ತನ್ನಂಥವರು ಎಷ್ಟು ಜನ ಇರಬೇಡ! ಆ ಬೆತ್ತಲೆ ಚಿತ್ರಗಳ ನಡುವೆ ಹೋಗಿ ಹುಡುಕಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಒಂದೂ ಚಿತ್ರವಿಲ್ಲದ, ಫೋನು ಮಾಡಿದರೆ ಹೆಂಗಸೇ ಮಾತಾಡುವ ಒಂದು ಅಂಗಡಿ ಇದ್ದರೆ? ಎರಡು ವರ್ಷದ ಹಿಂದೆ ಇಬ್ಬರೂ ಕೂಡಿಟ್ಟದ್ದನ್ನು ಸುರಿದು ‘ಜರ್ದಾಳು’ ಅಂತ ಅರ್ಮೇನಿಯನ್ನರ ಹಣ್ಣಿನ ಹೆಸರಿಟ್ಟು ಶುರು ಮಾಡಿದರು. ಆಗ ಒಂದು ಕ್ಲಿಕ್ಕಿಗೆ ಐದು ಸೆಂಟ್. ಆಮೇಲೆ ಮೂವತ್ತು ಸೆಂಟ್. ಅದೂ ತಡೆಯುತ್ತಿತ್ತು. ಅಷ್ಟರಲ್ಲಿ ಜಾಹೀರಾತಿನ ಕಂಪನಿ ಇವರ ಸಾಮಾನನ್ನೂ ‘ವಯಸ್ಕರ ವಿಭಾಗ’ಕ್ಕೆ ತಳ್ಳಿತು. ಇದು ರೋಗಿಗಳಿಗೆ ಬೇಕಾದದ್ದು ಅಂತ ಶುಶಾನ್ ಮೂರು ಸಲ ಬರೆದಳು. ಮೂರು ಸಲವೂ ಒಂದೇ ಉತ್ತರ, ಅಕ್ಷರ ಕೂಡ ಬದಲಾಗಿರಲಿಲ್ಲ. ಆ ವಿಭಾಗದಲ್ಲಿ ವಿಡಿಯೋದವರು, ಚಾಟ್‌ನವರು ಕೈ ತುಂಬ ದುಡ್ಡು ಹಿಡಿದು, ಜನ ಹುಡುಕುವ ಒಂದೊಂದು ಪದಕ್ಕೂ ಹರಾಜು ಕೂಗುತ್ತಿದ್ದರು. ಅವರ ನಡುವೆ ಮುಖ ಕಾಣಿಸಬೇಕಾದರೆ ಕನಿಷ್ಠ ಒಂದು ಡಾಲರ್ ಅರವತ್ತು.

ಅದಾದರೂ ಹೇಗೋ ಆಗುತ್ತಿತ್ತೇನೋ. ಈ ನಾಲ್ಕು ಸೆಕೆಂಡಿನ ಗಿರಾಕಿಗಳು ಶುರುವಾದರಲ್ಲ, ಅಲ್ಲಿಂದ ಶುಶಾನಳ ನಿದ್ದೆ ಹೋಯಿತು.

ಮಂಗಳವಾರ ಬೆಳಗ್ಗೆ ಅವಳು ಧೈರ್ಯ ಮಾಡಿ ಬಂದವರ ಪಟ್ಟಿಯನ್ನು ಮುದ್ರಿಸಿ ಮೇಜಿನ ಮೇಲೆ ಹರಡಿದಳು. ಯಾವ ಊರಿನಿಂದ ಬಂದರು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಇದ್ದರು, ಎಲ್ಲ ಅದರಲ್ಲಿತ್ತು. ಓಹಾಯೋದಿಂದ ಒಬ್ಬರು, ಟೆಕ್ಸಾಸ್‌ನಿಂದ ಇಬ್ಬರು. ಉಳಿದ ಇಪ್ಪತ್ತು ಚಿಲ್ಲರೆ ಸಾಲುಗಳ ಮುಂದೆ ಒಂದೇ ಊರು.

ಗ್ಲೆಂಡೇಲ್.

ಒಫೀಲಿಯಾ ಬೆನ್ನ ಹಿಂದಿನಿಂದ ಬಗ್ಗಿ ನೋಡಿ, "ಇದೇನೇ, ನಿಮ್ಮೂರಿನವರಿಗೆಲ್ಲ ಒಂದೇ ಸಲ ಬಂದುಬಿಡ್ತಾ ಆಸೆ?" ಅಂದಳು. ಶುಶಾನಳ ಮುಖ ನೋಡಿ ನಗು ನುಂಗಿಕೊಂಡಳು.

ಶುಶಾನ್ ಜಾಹೀರಾತಿನ ಕಂಪನಿಗೆ ಫೋನ್ ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಲೈನಿಗೆ ಬಂದ.

"ನೋಡಿದೆ ಮೇಡಂ. ಇವೆಲ್ಲ ಬೇರೆ ಬೇರೆ ಕಂಪ್ಯೂಟರ್‌ಗಳು. ಒಂದೇ ಕಡೆಯಿಂದ ಮತ್ತೆ ಮತ್ತೆ ಒತ್ತಿದ್ರೆ ನಾವೇ ಹಿಡೀತೀವಿ. ಇಲ್ಲಿ ದಿನಕ್ಕೆ ಒಬ್ಬರು ಒಂದೇ ಸಲ ಬಂದಿದ್ದಾರೆ. ಎಲ್ಲ ಸರಿಯಾದ ಗಿರಾಕಿಗಳೇ."

"ನಾಲ್ಕು ಸೆಕೆಂಡಿಗೆ ಎದ್ದು ಹೋಗೋರು ಅದ್ಯಾವ ಗಿರಾಕಿ ಸ್ವಾಮಿ?"

"ನಿಮ್ಮ ಪುಟ ಅವರಿಗೆ ಹಿಡಿಸಿರಲಿಕ್ಕಿಲ್ಲ. ಜಾಹೀರಾತನ್ನ ಮೇಲಕ್ಕೆ ತರಬೇಕಂದ್ರೆ ದಿನಕ್ಕೆ ಎಂಬತ್ತು ಡಾಲರ್ ಮಾಡ್ಕೊಳ್ಳಿ, ನೋಡೋಣ."

ಫೋನ್ ಇಟ್ಟ ಮೇಲೆ ಅವಳ ತಲೆಯಲ್ಲಿ ಎರಡೇ ಎರಡು ಯೋಚನೆ ಸುತ್ತುತ್ತಿದ್ದವು. ಒಂದು, ಹಳೆಯ ಧಣಿ ಲೋವೆಲ್ ಪ್ರಾಟ್. ಗೋಡೌನಿನ ಮಾಲೀಕ. ಅವನು ಆ ವರ್ಷವಷ್ಟೇ ಗ್ಲೆಂಡೇಲ್‌ನಲ್ಲಿ ಒಂದು ಆಫೀಸು ತೆರೆದಿದ್ದ, ಅಲ್ಲಿ ಮೂವತ್ತು ಕಂಪ್ಯೂಟರ್ ಇದ್ದವು. ಸಣ್ಣವರನ್ನು ಒತ್ತಿ ಒತ್ತಿ ಮುಗಿಸುವುದು ಅವನಿಗೆಷ್ಟರ ಕೆಲಸ? ಎರಡನೆಯದು ಅದಕ್ಕಿಂತ ಕೆಟ್ಟದ್ದು. ಇಗರ್ಜಿಯವರಿಗೆ ಯಾರಿಗೋ ಗೊತ್ತಾಗಿದೆ. ಗೊತ್ತಾಗಿ, ಒಬ್ಬರಿಂದ ಒಬ್ಬರಿಗೆ ಹಬ್ಬಿ, ದಿನ ಬೆಳಗಾದರೆ ಎಲ್ಲರೂ ಅವಳ ಪುಟ ತೆರೆದು, ಥೂ ಅಂದು ಮುಚ್ಚುತ್ತಿದ್ದಾರೆ.

ಮೊದಲನೆಯದೇ ನಿಜವಾಗಲಿ ಅಂತ ಅವಳು ಬೇಡಿಕೊಂಡಳು.

ಗುರುವಾರ ಅವಳು ಚಾಟ್ಸ್‌ವರ್ತ್‌ಗೆ ಹೋದಳು. ಲೋವೆಲ್ ಮೇಜಿನ ಮೇಲೆ ಕಾಲು ಚಾಚಿ ಬಟ್ಟಲಿನಿಂದ ಕಲ್ಲಂಗಡಿ ತಿನ್ನುತ್ತಿದ್ದ. ಪಟ್ಟಿಯನ್ನು ಅವನ ಮುಂದೆ ಇಟ್ಟು ಅವಳು ನಿಂತೇ ಇದ್ದಳು.

"ಇದು ನಿಮ್ಮ ಆಫೀಸಿನವರ ಕೆಲಸಾನಾ? ಹೌದೋ ಅಲ್ಲವೋ, ಅಷ್ಟು ಹೇಳಿಬಿಡಿ."

ಅವನು ಪಟ್ಟಿಯನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಜೋರಾಗಿ ನಕ್ಕ. "ಶುಶಾನ್, ನಿನ್ನ ಐವತ್ತು ಡಾಲರ್ ಕರಗಿಸೋಕೆ ನಾನು ಮೂವತ್ತು ಜನಕ್ಕೆ ಸಂಬಳ ಕೊಡ್ಬೇಕಾ? ಕೂತ್ಕೋ. ಕಲ್ಲಂಗಡಿ ತಿನ್ನು."

"ಬೇಡ."

"ಕೇಳು. ನಾನು ಒಂದು ಕ್ಲಿಕ್ಕಿಗೆ ಮೂರು ಡಾಲರ್ ಕೊಡ್ತೀನಿ. ಮೊದಲ ಸಲ ಕೊಂಡವನಿಂದ ನನಗೆ ನಷ್ಟಾನೇ. ಆದ್ರೆ ಅವನು ತಿಂಗಳು ತಿಂಗಳೂ ಕಟ್ಟೋ ಗಿರಾಕಿ. ಬಿಡೋದು ಮರೀತಾನೆ, ನಾಚ್ಕೊಂಡು ಫೋನೂ ಮಾಡಲ್ಲ. ವರ್ಷದೊಳಗೆ ಎರಡರಷ್ಟು ಬಂದಿರುತ್ತೆ. ನಿನ್ನ ಹೆಂಗಸರು? ಒಂದು ಸಲ ಕೊಂಡ್ರೆ ವಾಸಿಯಾಗಿ ಹೋಗ್ತಾರೆ. ವಾಸಿಯಾಗಿ ಹೋಗೋರನ್ನ ನಂಬ್ಕೊಂಡು ನನ್ನ ಎದುರು ಹರಾಜು ಕೂಗ್ತೀಯಲ್ಲ, ಬುದ್ಧಿ ಇದೆಯಾ ನಿನಗೆ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಒಂದೊಂದೇ ಪದ ಇದೆಯಲ್ಲ, ಎಲ್ಲರೂ ಕಂಪ್ಯೂಟರಲ್ಲಿ ಹೊಡೆದು ಹುಡುಕೋ ಪದ, ಅದೆಲ್ಲ ನಂದು, ನನ್ನಂಥೋರದು," ಅಂದ ಲೋವೆಲ್, ಬೀಜ ಉಗುಳುತ್ತ. "ನಿನ್ನ ಹೆಂಗಸರು ಅಳ್ತಾ ಉದ್ದುದ್ದ ಹೊಡೀತಾರಲ್ಲ, ‘ಆಪರೇಷನ್ ಆದ್ಮೇಲೆ ಗಂಡನ ಜತೆ ನೋವು ಏನ್ಮಾಡ್ಲಿ’ ಅಂತ, ಅದನ್ನ ಯಾರು ಕೊಳ್ತಾರೆ? ನಾನಂತೂ ಕೊಳ್ಳಲ್ಲ. ಸುಮ್ನೆ ವಾಪಸ್ ಬಾ. ನಿನ್ನ ಮೇಜು ಹಾಗೇ ಇದೆ. ಗಂಟೆಗೆ ಒಂದು ಡಾಲರ್ ಜಾಸ್ತಿ ಮಾಡ್ತೀನಿ."

ಅವಳು ಪಟ್ಟಿ ಮಡಚಿಕೊಂಡು ಹೊರಗೆ ಬಂದಳು. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದಳು. ಲೋವೆಲ್ ಅಲ್ಲ. ಹಾಗಾದರೆ ಎರಡನೆಯದೇ.

ಅವತ್ತಿನಿಂದ ಗ್ಲೆಂಡೇಲ್‌ನ ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ತರಕಾರಿ ಅಂಗಡಿಯವಳು ಚಿಲ್ಲರೆ ಕೊಡುವಾಗ ಒಂದು ಕ್ಷಣ ಜಾಸ್ತಿ ನೋಡಿದಳೇ? ಎದುರು ಮನೆಯ ಮುದುಕ ಟೋಪಿ ತೆಗೆದು ನಮಸ್ಕಾರ ಮಾಡಿದನಲ್ಲ, ಅದರಲ್ಲಿ ವ್ಯಂಗ್ಯ ಇತ್ತೇ? ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಆರ್ಷಕ್ ಅವಳ ತಟ್ಟೆಗೆ ಇನ್ನೊಂದು ದೋಲ್ಮಾ ಹಾಕಿ, "ತಿನ್ನು. ಸೊರಗಿ ಹೋಗಿದ್ದೀಯ," ಅನ್ನುತ್ತಿದ್ದ. ಅವನು ಬ್ರಾಂಡ್ ಬೀದಿಯ ಹಿಂದೆ ಬೂಟು ರಿಪೇರಿ ಅಂಗಡಿ ಇಟ್ಟವನು. ಮೂವತ್ತು ವರ್ಷ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡಿ ಮಾಡಿ ಮಾತು ಕಡಿಮೆ. ಪಾಪ, ಇವನಿಗೆ ಗೊತ್ತಾದರೆ ಈ ಮನುಷ್ಯ ನಾಲ್ಕು ಜನರ ನಡುವೆ ತಲೆ ಎತ್ತುವುದು ಹೇಗೆ ಅಂತ ಅವಳು ಮರುಗುತ್ತಿದ್ದಳು. ಸಂಜೆ ಅವನು ಪಗಡೆಯಂಥ ನರ್ದಿ ಆಡಲು ಹೋಗುವ ಕ್ಲಬ್ಬಿನಲ್ಲಿ ಯಾರಾದರೂ ಅವನ ಮುಖಕ್ಕೇ ಹೇಳಿಬಿಟ್ಟರೆ?

ಶನಿವಾರ ಬೆಳಗ್ಗೆ ಲವಾಶ್ ತರಲು ಮಿಸಾಕ್‌ನ ಬೇಕರಿಗೆ ಹೋದಳು. ಹೋಗದೆ ಇದ್ದರೆ ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಿಸಾಕ್ ಐವತ್ತರ ದಪ್ಪ ಮನುಷ್ಯ, ಹುಬ್ಬಿನವರೆಗೂ ಹಿಟ್ಟು. ರೊಟ್ಟಿ ಸುತ್ತುತ್ತ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಅಂದ:

"ಅಕ್ಕಾ, ಇವತ್ತಿಂದು ನಾನು ಆಗಲೇ ಮುಗಿಸಿದೆ."

"ಏನನ್ನ?"

"ಅದೇ ಅಕ್ಕಾ." ಅವನು ತೋರುಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿದ. "ಒಲೆ ಹಚ್ಚೋಕೆ ಮುಂಚೆ ಮೊದಲು ಅದು. ಒಂದು ದಿನಾನೂ ತಪ್ಪಿಸಿಲ್ಲ. ಆಮೇಲೆ ನಾವು ಯಾರೂ ಒಳಗೆಲ್ಲ ನೋಡಲ್ಲ ಅಕ್ಕಾ, ಆಣೆ. ಒತ್ತೋದು, ಮುಚ್ಚೋದು. ಹೆಂಗಸರ ವಿಷಯ, ನಮಗ್ಯಾಕೆ?"

ಶುಶಾನ್ ಗಾಜಿನ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ನಾವು ಅಂದ್ರೆ... ಯಾರು?"

"ಕ್ಲಬ್ಬಿನೋರು. ಇಪ್ಪತ್ತಮೂರು ಜನ ಇದ್ದೀವಿ. ಆರ್ಷಕ್ ಹೇಳಿದಾನಲ್ಲ, ಜನ ಒತ್ತಿದ್ರೆ ಅಂಗಡಿ ನಡೆಯುತ್ತೆ ಅಂತ. ಚಿನ್ನದ ಅಂಗಡಿ ಗಾಸ್ಪರ್‌ಗೆ ಕಂಪ್ಯೂಟರೇ ಬರ್ತಿರಲಿಲ್ಲ, ಇದಕ್ಕೋಸ್ಕರ ಕಲ್ತ, ಗೊತ್ತಾ?" ಅವನ ಹಿಟ್ಟಿನ ಮುಖ ಹೆಮ್ಮೆಯಿಂದ ಅರಳಿತ್ತು. "ವ್ಯಾಪಾರ ಈಗ ಚೆನ್ನಾಗಿರಬೇಕಲ್ಲ?"

ಅವಳು ಚೆನ್ನಾಗಿದೆ ಅಂದಳು. ಬೇರೆ ಏನು ಹೇಳಲು ಸಾಧ್ಯವಿತ್ತು? ರೊಟ್ಟಿಯ ದುಡ್ಡು ಕೊಡಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ.

ಬೇಕರಿಯಿಂದ ಬೂಟಿನ ಅಂಗಡಿಗೆ ಮೂರು ಬೀದಿ. ಆ ಮೂರು ಬೀದಿಯನ್ನು ಅವಳು ಹೇಗೆ ದಾಟಿದಳೋ ಅವಳಿಗೇ ನೆನಪಿಲ್ಲ. ಒಂದು ಕಡೆ ಎದೆಯ ಮೇಲಿನ ಬಂಡೆ ಉರುಳಿಹೋಗಿತ್ತು: ಯಾರೂ ಥೂ ಅಂದಿರಲಿಲ್ಲ. ಇನ್ನೊಂದು ಕಡೆ ಮೈಯೆಲ್ಲ ಬಟ್ಟೆ ಕಳಚಿದಂತೆ ನಾಚಿಕೆ. ಇಪ್ಪತ್ತಮೂರು ಗಂಡಸರಿಗೆ ಗೊತ್ತು. ಗಾಸ್ಪರ್‌ಗೆ ಗೊತ್ತು! ಅವೆಲ್ಲದರ ಕೆಳಗೆ ಲೆಕ್ಕ ಓಡುತ್ತಿತ್ತು. ಇಪ್ಪತ್ತಮೂರು ಜನ, ವಾರಕ್ಕೆ ಆರು ದಿನ, ಒಂಬತ್ತು ವಾರ. ಸುಮಾರು ಎರಡು ಸಾವಿರ ಡಾಲರ್.

ಆರ್ಷಕ್ ಒಂದು ಹೆಂಗಸಿನ ಬೂಟಿಗೆ ಹಿಮ್ಮಡಿ ಕೂರಿಸುತ್ತಿದ್ದ. ಬಾಗಿಲು ಹಾಕಿ ಬಂದ ಹೆಂಡತಿಯನ್ನು ನೋಡಿ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಮಿಸಾಕ್ ಹೇಳಿದ," ಅಂದಳು ಶುಶಾನ್.

"ಆ ಬಾಯಿಬಡುಕನಿಗೆ ಹೇಳಬೇಡ ಅಂದಿದ್ದೆ."

"ನಿನಗೆ ಯಾವಾಗಿಂದ ಗೊತ್ತು?"

"ಯಾವುದು? ಈ ಅಂಗಡಿನಾ, ಆ ಗೋಡೌನಾ?"

ಅವಳು ರೊಟ್ಟಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ನೀನು ಗೋಡೌನಿಗೆ ಸೇರಿದ ಮೊದಲನೇ ವಾರ ಊಟದ ಡಬ್ಬಿ ಮರೆತು ಹೋಗಿದ್ದೆ," ಅಂದ ಆರ್ಷಕ್, ಬೂಟನ್ನು ನೋಡುತ್ತ. "ಕೊಡೋಕೆ ಬಂದೆ. ಬಾಗಿಲಲ್ಲಿ ಒಂದು ಡಬ್ಬ ಒಡೆದು ಬಿದ್ದಿತ್ತು. ನೋಡಿದೆ. ನಿಮ್ಮ ಕಾವಲುಗಾರನ ಕೈಗೆ ಊಟ ಕೊಟ್ಟು ಬಂದುಬಿಟ್ಟೆ."

"ಹದಿನಾರು ವರ್ಷ! ಒಂದು ಮಾತು ಆಡಲಿಲ್ಲವಲ್ಲ!"

"ನೀನು ಸೌಂದರ್ಯ ಸಾಮಾನು ಅಂದೆ. ನಾನೂ ಹಾಗೇ ಅಂದ್ಕೊಂಡೆ. ಮೊದಲು ಕೋಪ ಬಂತು, ಇಲ್ಲ ಅನ್ನಲ್ಲ. ಆಮೇಲೆ ಮಗಳ ಕಾಲೇಜು ಫೀಸು ಕಟ್ಟಿದ್ದು ಆ ಸಂಬಳದಿಂದಲೇ ಅಲ್ವಾ. ಆಮೇಲೆ ನಿನಗೆ ಕಾಯಿಲೆ ಬಂತು. ಆ ಕಷ್ಟ ನಾನು ನೋಡಿಲ್ವಾ? ನೀನು ವಾಸಿಯಾಗಿದ್ದು ಯಾವುದರಿಂದ ಅಂತ ನನಗೆ ತಿಳೀಲಿಲ್ಲ ಅಂದ್ಕೊಂಡ್ಯಾ?" ಅವನು ಕತ್ತು ತುರಿಸಿಕೊಂಡ. "ಬೇಸಿಗೇಲಿ ಒಂದಿನ ನೀನು ಒಫೀಲಿಯಾಗೆ ಫೋನಲ್ಲಿ ಹೇಳ್ತಿದ್ದೆ, ಕ್ಲಿಕ್ಕೇ ಇಲ್ಲ, ಜನ ಒತ್ತಿದ್ರೆ ತಾನೇ ಅಂಗಡಿ ನಡೆಯೋದು ಅಂತ. ಅಷ್ಟು ನನ್ನ ಕೈಲಾಗುತ್ತಲ್ಲ ಅನ್ನಿಸ್ತು. ಕ್ಲಬ್ಬಲ್ಲಿ ಎದ್ದು ನಿಂತು ಹೇಳಿದೆ."

"ಎದ್ದು ನಿಂತು? ಏನಂತ ಹೇಳಿದೆ?"

"ನನ್ನ ಹೆಂಡತಿ ಕಾಯಿಲೆ ಬಿದ್ದ ಹೆಂಗಸರಿಗೆ, ಗಂಡ ಹೆಂಡಿರ ವಿಷಯಕ್ಕೆ ಬೇಕಾದ ಸಾಮಾನು ಮಾರ್ತಾಳೆ, ಯಾರಾದ್ರೂ ನಗೋರಿದ್ರೆ ಈಗಲೇ ನಗಿ ಅಂದೆ."

"ಯಾರು ನಕ್ಕರು?"

"ಗಾಸ್ಪರ್ ನಕ್ಕ. ಆಮೇಲೆ ಅವನ ಹೆಂಡತಿಗೂ ಹೋದ ವರ್ಷ ಆಪರೇಷನ್ ಆಗಿದೆ ಅಂತ ಅತ್ತ."

ಶುಶಾನ್ ಗಿರಾಕಿಗಳ ಕುರ್ಚಿಯ ಮೇಲೆ ಕೂತಳು. ಒಂದು ಕ್ಲಿಕ್ಕಿಗೆ ತಾನೇ ದುಡ್ಡು ಕಟ್ಟಬೇಕು ಅನ್ನುವುದನ್ನು ಅವನಿಗೆ ಹೇಳಬೇಕಲ್ಲ. ಹೇಗೆ ಹೇಳುವುದು? ಹೇಳದೆ ಇದ್ದರೆ ಸೋಮವಾರ ಬೆಳಗ್ಗೆ ಮತ್ತೆ ಇಪ್ಪತ್ತಮೂರು ಬೆರಳು. ಕೊನೆಗೆ ಹೇಳಿದಳು. ಅವನು ಕೇಳುತ್ತ ಕೇಳುತ್ತ ಬಿಳಿಚಿಕೊಂಡ. ಎರಡು ಸಾವಿರ ಅಂದಾಗ ಅಂಗೈಯಲ್ಲಿದ್ದ ಮೊಳೆಗಳು ನೆಲಕ್ಕೆ ಚೆಲ್ಲಿದವು.

"ಒತ್ತಿದ್ರೆ ನಿನಗೆ ಬರುತ್ತೆ ಅಂದ್ಕೊಂಡಿದ್ದೆ," ಅಂದ, ಬಹಳ ಸಣ್ಣ ದನಿಯಲ್ಲಿ.

"ಗೊತ್ತು."

"ಹೊಲಿಗೆ ಮಷಿನ್ ಒಂದು ಮಾರಿ ಕೊಡ್ತೀನಿ."

"ಸುಮ್ನಿರು ಮಾರಾಯ," ಅಂದಳು ಶುಶಾನ್. ಅವಳಿಗೆ ಅಳು ಬರಬೇಕಾದ ಕಡೆ ನಗು ಬಂತು, ನಗುತ್ತ ನಗುತ್ತ ಅತ್ತೇಬಿಟ್ಟಳು. ಹೊರಗೆ ಯಾರೋ ಬಾಗಿಲು ತಟ್ಟಿ ಹೋದರು. ಇಬ್ಬರೂ ಏಳಲಿಲ್ಲ.

ಅವತ್ತೇ ಆರ್ಷಕ್ ಕ್ಲಬ್ಬಿಗೆ ಹೋಗಿ ಎರಡನೇ ಸಲ ಎದ್ದು ನಿಂತ. ಈ ಸಲ ಯಾರೂ ನಗಲಿಲ್ಲವಂತೆ. ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರಂತೆ.

ಸೋಮವಾರದ ಪಟ್ಟಿಯಲ್ಲಿ ಗ್ಲೆಂಡೇಲ್ ಇರಲಿಲ್ಲ. ಐವತ್ತು ಡಾಲರ್ ಮಧ್ಯಾಹ್ನ ದಾಟಿಯೂ ಉಳಿದಿತ್ತು. ಒಫೀಲಿಯಾ ಕುಣಿದೇಬಿಟ್ಟಳು. ಇನ್ನೇನು, ಕಷ್ಟ ಕಳೆಯಿತು ಅಂದುಕೊಂಡರು ಇಬ್ಬರೂ. ಆದರೆ ವಾರದ ಕೊನೆಗೆ ಶುಶಾನ್ ಕಾಗದ ಪೆನ್ಸಿಲ್ ಹಿಡಿದು ಕೂತಾಗ ಬೇರೆಯೇ ಭಯ ಹಿಡಿಯಿತು. ನಲವತ್ತು ನಿಜವಾದ ಗಿರಾಕಿಗಳು ಬಂದರೆ ಒಬ್ಬಳು ಕೊಳ್ಳುತ್ತಾಳೆ. ನಲವತ್ತು ಕ್ಲಿಕ್ಕಿಗೆ ಅರವತ್ತನಾಲ್ಕು ಡಾಲರ್. ಒಂದು ಮಾರಾಟದಿಂದ ಕೈಗೆ ಉಳಿಯುವುದು ಇಪ್ಪತ್ತೆರಡು. ಗಂಡನ ಗೆಳೆಯರು ಒಬ್ಬರೂ ಒತ್ತದಿದ್ದರೂ ಅವರು ಮುಳುಗುವವರೇ ಆಗಿದ್ದರು, ಸ್ವಲ್ಪ ನಿಧಾನವಾಗಿ, ಅಷ್ಟೇ.

"ಹಾಗಾದ್ರೆ ಇಷ್ಟು ದಿನ ಆ ಮುದುಕರನ್ನ ಸುಮ್ನೆ ಬೈದ್ವಾ?" ಅಂದಳು ಒಫೀಲಿಯಾ.

"ತೆಗೆದುಬಿಡೋಣ ಒಫೀಲಿಯಾ. ಜಾಹೀರಾತನ್ನೇ ತೆಗೆದುಬಿಡೋಣ."

"ತೆಗೆದ್ರೆ ಯಾರಿಗೆ ಗೊತ್ತಾಗುತ್ತೆ ನಾವು ಇದ್ದೀವಿ ಅಂತ?"

ತೆಗೆದರು. ಒಂಬತ್ತು ದಿನ ಫೋನು ಒಂದೇ ಒಂದು ಸಲವೂ ರಿಂಗಾಗಲಿಲ್ಲ. ಕೆಟ್ಟು ಹೋಗಿದೆಯೇನೋ ಅಂತ ಶುಶಾನ್ ಆಗಾಗ ಎತ್ತಿ ಕಿವಿಗಿಟ್ಟು ನೋಡುತ್ತಿದ್ದಳು. ಮಳಿಗೆಯ ಅರ್ಧ ಭಾಗವನ್ನು ಸೋಫಾ ಹೊಲಿಯುವ ಒಬ್ಬನಿಗೆ ಬಿಟ್ಟುಕೊಟ್ಟು ಬಾಡಿಗೆ ಹೊಂದಿಸಿದರು. ಅವನ ಮಷಿನ್ ದಿನವಿಡೀ ತಲೆ ಕೊರೆಯುತ್ತಿತ್ತು. ಲೋವೆಲ್‌ನ ಮೇಜು ಹಾಗೇ ಇದೆ ಅನ್ನುವುದು ಅವಳಿಗೆ ದಿನಕ್ಕೆ ಹತ್ತು ಸಲ ನೆನಪಾಗುತ್ತಿತ್ತು. ಅದರ ಜೊತೆಗೇ ಅವನು ಬೀಜ ಉಗುಳುತ್ತ ಆಡಿದ ಇನ್ನೊಂದು ಮಾತೂ ನೆನಪಾಯಿತು. ಉದ್ದುದ್ದ ವಾಕ್ಯಗಳನ್ನು ಯಾರು ಕೊಳ್ಳುತ್ತಾರೆ?

ಹತ್ತನೇ ದಿನ ಅವಳು ಒಫೀಲಿಯಾಳನ್ನು ಪಕ್ಕ ಕೂರಿಸಿಕೊಂಡು ಹೆಂಗಸರು ಫೋನಿನಲ್ಲಿ ಈವರೆಗೆ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆದಳು. ರೇಡಿಯೇಷನ್ ಆದ ಮೇಲೆ ಎಷ್ಟು ದಿನ ಬಿಡಬೇಕು. ಅರವತ್ತು ದಾಟಿದ ಮೇಲೆ ಉರಿ ಯಾಕೆ. ಗಂಡನಿಗೆ ಹೇಗೆ ಹೇಳಲಿ. ಡಾಕ್ಟರ್ ನಕ್ಕರು, ಈಗ ಯಾರನ್ನ ಕೇಳಲಿ. ಹೀಗೆ ನೂರಹತ್ತು ವಾಕ್ಯ ಆದವು. ಒಂದೊಂದಕ್ಕೂ ಜಾಹೀರಾತು ಹಾಕುವ ಬೆಲೆ ನೋಡಿದರೆ ಕ್ಲಿಕ್ಕಿಗೆ ಹತ್ತೇ ಸೆಂಟ್. ಹರಾಜಿನಲ್ಲಿ ಎದುರಾಳಿಯೇ ಇರಲಿಲ್ಲ. ದಿನಕ್ಕೆ ಮೂರು ಡಾಲರ್ ಅಂತ ಕಟ್ಟಿದರು, ಅದೂ ಪೂರ್ತಿ ಖರ್ಚಾಗುತ್ತಿರಲಿಲ್ಲ. ದಿನಕ್ಕೆ ಹತ್ತೋ ಹದಿನೈದೋ ಜನ ಬರುತ್ತಿದ್ದರು. ಬಂದವರು ನಾಲ್ಕು ಸೆಕೆಂಡಿಗೆ ಹೋಗುತ್ತಿರಲಿಲ್ಲ. ಒಬ್ಬಳು ನಲವತ್ತು ನಿಮಿಷ ಓದಿದಳು. ಹತ್ತರಲ್ಲಿ ಒಬ್ಬಳು ಫೋನ್ ಮಾಡುತ್ತಿದ್ದಳು.

ಅದೇ ಹೊತ್ತಿಗೆ ಗ್ಲೆಂಡೇಲ್‌ನಿಂದಲೂ ಒಬ್ಬಳು ಬಂದಳು, ಕಂಪ್ಯೂಟರಿನಲ್ಲಿ ಅಲ್ಲ, ಬಸ್ಸಿನಲ್ಲಿ. ಚಿನ್ನದ ಅಂಗಡಿ ಗಾಸ್ಪರ್‌ನ ಹೆಂಡತಿ ಸತೆನಿಕ್. ಕಪ್ಪು ಕನ್ನಡಕ, ತಲೆಗೆ ಬಟ್ಟೆ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನುವ ಹಾಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಸೋಫಾದವನನ್ನು ಕಂಡು ಹಿಂದಕ್ಕೆ ತಿರುಗಿಯೇಬಿಟ್ಟಿದ್ದಳು. ಒಫೀಲಿಯಾ ಅವನನ್ನು ಊಟಕ್ಕೆ ಅಟ್ಟಿದಳು.

"ನಾನು ಬಂದಿದ್ದು ಯಾರಿಗೂ ಗೊತ್ತಾಗಬಾರದು, ಶುಶಾನ್."

"ನಿನ್ನ ಗಂಡನೇ ಒಂಬತ್ತು ವಾರ ನನ್ನ ಅಂಗಡಿ ಬಾಗಿಲು ತಟ್ಟಿದ್ದಾನೆ. ಅವನಿಗೂ ಗೊತ್ತಾಗಬಾರದಾ?"

ಸತೆನಿಕ್ ಕನ್ನಡಕ ತೆಗೆದಳು. "ಅವನೇ ಕಳಿಸಿದ್ದು," ಅಂದಳು, ನೆಲ ನೋಡುತ್ತ. "ನೀನೇ ಹೋಗು, ನನಗೆ ಕೇಳೋಕೆ ನಾಚಿಕೆ ಅಂದ."

ಇಬ್ಬರೂ ಕಾಫಿ ಕುಡಿದರು. ಸತೆನಿಕ್ ಎರಡು ಗಂಟೆ ಕೂತಳು. ಅವಳ ಹಿಂದೆ ನವೆಂಬರ್ ಮುಗಿಯುವುದರೊಳಗೆ ಇನ್ನೂ ಐದು ಜನ ಬಂದರು. ಇಪ್ಪತ್ತಮೂರರಲ್ಲಿ ಆರೇ ಮನೆ. ಎರಡು ಮನೆಯವರು ಇಗರ್ಜಿಯಲ್ಲಿ ಮಾತು ಬಿಟ್ಟರು. ಮೇಣದ ಬತ್ತಿಯ ಸರದಿಯಿಂದ ಅವಳ ಹೆಸರು ಯಾವ ಕಾರಣವನ್ನೂ ಹೇಳದೆ ಮಾಯವಾಯಿತು. ಶುಶಾನ್ ಒಂದು ಭಾನುವಾರ ಬೆಳಗ್ಗೆ ಎದ್ದಾಗಿನಿಂದ ಅತ್ತಳು. ಆರ್ಷಕ್ ಅವಳ ಪಕ್ಕದಲ್ಲಿ ಕೂತು ತನ್ನ ಬೂಟಿಗೆ ತಾನೇ ಪಾಲಿಶ್ ಹಾಕಿದ, ಮುಗಿದ ಮೇಲೆ ಅವಳದಕ್ಕೂ ಹಾಕಿದ. ಹೋಗೋಣ ನಡಿ ಅಂದ. ಇಬ್ಬರೂ ಇಗರ್ಜಿಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತರು.

ಫೆಬ್ರವರಿ ಹೊತ್ತಿಗೆ ಬಾಡಿಗೆ, ಸಾಮಾನಿನ ದುಡ್ಡು, ಒಫೀಲಿಯಾಳ ಸಂಬಳ ಮೂರೂ ಹೇಗೋ ಹೊಂದುತ್ತಿದ್ದವು. ಶುಶಾನಳ ಸಂಬಳ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇಲ್ಲ. ಒಂದು ಬೆಳಗ್ಗೆ ಅವಳು ಎಂದಿನಂತೆ ಬೆಲೆಯ ಪಟ್ಟಿ ತೆರೆದಳು. ‘ರೇಡಿಯೇಷನ್ ಆದ ಮೇಲೆ’ ಅಂತ ಶುರುವಾಗುವ ವಾಕ್ಯಗಳ ಮುಂದೆ ಹತ್ತು ಸೆಂಟ್ ಇರಬೇಕಾದ ಕಡೆ ಹದಿನಾಲ್ಕು ಇತ್ತು.

ಯಾರೋ ಇಲ್ಲಿಗೂ ಬಂದಿದ್ದಾರೆ.

"ಲೋವೆಲ್ ಇರಬಹುದಾ?" ಅಂದಳು.

"ಇರಬಹುದು. ನಮ್ಮ ಥರಾನೇ ಇನ್ಯಾರೋ ಇಬ್ಬರು ಹೆಂಗಸರೂ ಇರಬಹುದು," ಅಂದಳು ಒಫೀಲಿಯಾ. "ಹದಿನಾಲ್ಕು ಕಟ್ಟೋಣ. ಇಪ್ಪತ್ತಾದಾಗ ನೋಡ್ಕೊಳ್ಳೋಣ."

"ಮೂವತ್ತಾದ್ರೆ?"

"ಫೋನ್ ರಿಂಗಾಗ್ತಾ ಇದೆ ಕಣೇ. ಎತ್ತು ಮೊದಲು."

ಶುಶಾನ್ ಫೋನ್ ಎತ್ತಿ ಅಂಗಡಿಯ ಹೆಸರು ಹೇಳಿದಳು. ಆ ಕಡೆ ಬರೀ ಉಸಿರು. ಹಿಂದೆ ಎಲ್ಲೋ ಟೀವಿ ಓಡುತ್ತಿತ್ತು, ನಾಯಿ ಬೊಗಳುತ್ತಿತ್ತು. ಇಂಥ ಮೌನಗಳಿಗೆ ಆತುರಪಡಬಾರದು ಅಂತ ಅವಳಿಗೆ ಗೊತ್ತಿತ್ತು. ಸೋಫಾದವನ ಕಡೆ ಕೈ ಮಾಡಿ ಮಷಿನ್ ನಿಲ್ಲಿಸಲು ಸನ್ನೆ ಮಾಡಿದಳು.

ಕೊನೆಗೆ ಒಂದು ಮುದಿ ದನಿ ಕೇಳಿತು: "ನೀವು ಹೆಂಗಸೇ ತಾನೆ?"

"ಹೌದಮ್ಮ," ಅಂದಳು ಶುಶಾನ್, ಬೆಲೆಯ ಪಟ್ಟಿಯಿಂದ ಕಣ್ಣು ತೆಗೆದು. "ಹೇಳಿ."